ಅಪ್ಪನ ಸಲುವಾಗಿ ತಂದ ಸಣ್ಣ ರೇಡಿಯೋ, ಮತ್ತ 765ರ ಧಾರವಾಡ ಸ್ಟೇಷನ್: ಆರು ತಿಂಗಳ ಮ್ಯಾಲಿನ ರಿವ್ಯೂ

ಮೊದಲ ಹೇಳಿಬಿಡ್ತೀನಿ. ಬರೇ ಡಬ್ಬಿ ಹೆಂಗೈತಿ ಅಂತ ತಿಳ್ಕೊಂಡು ಹೋಗಾವ್ರಿಗೆ ಇಷ್ಟ ಸಾಕು: ತಗೋರಿ, ಅಡ್ಡಿಯಿಲ್ಲ, ಆದ್ರ ತಂದ ಕೂಡಲೆ ಎಎಂ (ಅಂದ್ರ ಮೀಡಿಯಂ ವೇವ್) ಸ್ಟೆಪ್ 9ಕ್ಕ ಮಾಡ್ಕೋರಿ (ಯಾಕಂತ ಮುಂದ ಹೇಳ್ತೀನಿ), ಚಾರ್ಜರ್ ಹಚ್ಚಿಟ್ಟು ಕೇಳಬ್ಯಾಡ್ರಿ, ಎಎಂ ಕೇಳೂಮುಂದ ಏರಿಯಲ್ ಜಗ್ಗಿ ಜಗ್ಗಿ ಮುರೀಬ್ಯಾಡ್ರಿ. ಕಂಪನಿ ಹೆಸರು ಹೇಳಂಗಿಲ್ಲ, ಇಂಥಾ ಡಬ್ಬಿ ಹತ್ತು ಹೆಸರಿನ್ಯಾಗ ಬರ್ತಾವ. ಇನ್ನ ಉಳದದ್ದು ಯಾರಿಗೆ ಧಾರವಾಡ ಸ್ಟೇಷನ್ ಅಂದ ಕೂಡಲೆ ಕಿವಿ ನಿಮಿರತೈತಿ ಅವರಿಗೆ, ಯಾಕಂದ್ರ ನಾ ಈ ರೇಡಿಯೋ ತಗೊಂಡದ್ದ ಒಂದ ಒಂದು ಸ್ಟೇಷನ್ನಿನ ಸಲುವಾಗಿ, ಹಂಗಾಗಿ ಅರ್ಧ ರಿವ್ಯೂ ಡಬ್ಬೀದು, ಅರ್ಧ ಅದರಾಗ ಬರೋ ಧ್ವನೀದು.

ಅಪ್ಪಗ ಈಗ ಎಂಬತ್ತೊಂದು. ನವಲಗುಂದ ನರಗುಂದ ನಡುವಿನ ಒಂದು ಹಳ್ಳಿ ನಮ್ಮದು, ಸುತ್ತ ಎರಿ ಹೊಲ, ಮಳಿ ಬಂದ್ರ ಚಪ್ಪಲ್ ಕಾಲಾಗ ಉಳಿಯಂಗಿಲ್ಲ. ಮನ್ಯಾಗ ಎರಡು ರೇಡಿಯೋ ಅದಾವ, ಎರಡೂ ಸತ್ತಾವ. ಒಂದು ಅಜ್ಜಂದು, ಕಟಗಿ ಡಬ್ಬೀದು, ವಾಲ್ವ್ ಸೆಟ್ಟು. ಕಿವಿ ತಿರುವಿದ್ರ ಅರ್ಧ ನಿಮಿಷ ಸುಮ್ಕ ಕೂಡ್ತಿತ್ತಂತ, ಒಳಗಿನ ವಾಲ್ವ್ ಕಾಯಬೇಕಲ್ಲ, ಆಮ್ಯಾಲ ಹಸಿರು ಕಣ್ಣು ಹಗೂರಕ ಹತ್ತಿ, ಸ್ಟೇಷನ್ ಸರಿಯಾಗಿ ಸಿಕ್ಕಾಗ ಆ ಕಣ್ಣು ಮುಚ್ಚಿದಂಗ ಆಗ್ತಿತ್ತಂತ. ಪಡಸಾಲಿ ತೊಲಿಯಿಂದ ತೊಲಿಗೆ ತಾಮ್ರದ ಜಾಳಿಗಿ ಪಟ್ಟಿ ಕಟ್ಟಿದ್ರು, ಅದ ಏರಿಯಲ್ಲು, ಇನ್ನೊಂದು ವಾಯರ್ ಹಿತ್ತಲದಾಗಿನ ಬಚ್ಚಲ ಮೋರಿ ಹಸಿ ಮಣ್ಣಾಗ, ಅದು ಅರ್ಥಿಂಗು. ಆ ಜಾಳಿಗಿ ಪಟ್ಟಿ ನಾ ಸಣ್ಣಂವ ಇದ್ದಾಗೂ ತೊಲಿಗೆ ಇತ್ತು, ಗುಬ್ಬಿ ಕೂಡ್ತಿದ್ವು ಅದರ ಮ್ಯಾಲ.

ಎರಡನೇದು ಅಪ್ಪಂದು, ಎರಡ ಬ್ಯಾಂಡಿನ ಟ್ರಾನ್ಸಿಸ್ಟರು, ತೂತು ತೂತಿನ ಚರ್ಮದ ಕವರು, ಮೂರು ದೊಡ್ಡ ಸೆಲ್ಲು. ಹೊಲಕ್ಕ ಹೋದ್ರ ಬುತ್ತಿ ಗಂಟಿನ ಜೋಡಿ ಅದೂ ಹೋಗೂದು. ಹೋದ ವರ್ಷ ಅದು ಪೂರಾ ಕೈಕೊಟ್ತು. ಹುಬ್ಬಳ್ಳಿಯೊಳಗ ಇನ್ನೂ ರೇಡಿಯೋ ರಿಪೇರಿ ಮಾಡೋ ಒಬ್ಬ ಚಾಚಾ ಅದಾರ ಅಂತ ಯಾರೋ ಹೇಳಿದ್ರು, ಒಯ್ದೆ. ಬಿಚ್ಚಿದ್ರ ಸ್ಪೀಕರಿನ ಹಿಂದ ಹಲ್ಲಿ ತತ್ತಿ ನಾಕು, ಮುಳ್ಳು ಜಗ್ಗೋ ದಾರ ಹರದು ಉಂಡಿ ಆಗಿತ್ತು. ಚಾಚಾ ಬ್ರಶ್ಶಿಲೆ ಧೂಳ ಹೊಡದು, ಅಲ್ಲಿ ಇಲ್ಲಿ ಒಂದೀಟು ಸೋಲ್ಡರ್ ಮುಟ್ಟಿಸಿ, ಕಿವಿ ಹತ್ರ ಹಿಡ್ಕೊಂಡು, ಆಮ್ಯಾಲ ಹೇಳಿದ್ರು, "ಸ್ಟೇಷನ್ ತಿರವೋ ಗ್ಯಾಂಗ್ ಹೋಗೇತ್ರಿ ಸರ, ಬ್ಯಾಂಡ್ ಸ್ವಿಚ್ಚೂ ಸವದೈತಿ. ಸಾಮಾನು ಎಲ್ಲಿಂದ ತರ್ಲಿ ನಾ? ಅಪ್ಪಾರ ನೆಪ್ಪಿಗೆ ಇಟ್ಕೋರಿ." ರೊಕ್ಕ ತಗೊಳ್ಲಿಲ್ಲ. ಆ ಚಾಚಾಗ ಐದಕ್ಕ ಐದು ಸ್ಟಾರು.

ಹೊಸಾದು ಹುಡುಕಾಕ ಹೊಂಟ್ರ ಗೊತ್ತಾತು ನೋಡ್ರಿ ಜಗತ್ತು ಎಲ್ಲಿಗೆ ಬಂದೈತಿ ಅಂತ. ಮೂರು ಅಂಗಡಿ ತಿರಗಿದೆ, ಎಲ್ಲಾ ಕಡೆ ಎಫ್‌ಎಂ, ಬ್ಲೂಟೂತ್, ಮೆಮೊರಿ ಕಾರ್ಡ್, ಬಣ್ಣದ ಲೈಟ್ ಕುಣಿಯೋ ಡಬ್ಬಿ, ಎಎಂ ಐತೇನ್ರಿ ಅಂದ್ರ "ಎಎಂ ಯಾರ್ ಕೇಳ್ತಾರ್ರೀ ಈಗ" ಅಂತ ನನ್ನ ಮೊದಲು ಮ್ಯಾಲಿಂದ ಕೆಳಗ ನೋಡಿದ್ರು. ಫೋನಿನ್ಯಾಗ ಎಎಂ ಬರೂದ ಇಲ್ಲ, ಬರಾಕೂ ಜಾಗ ಇಲ್ಲ, ಎಎಂಗೆ ಒಳಗ ಬೆರಳ ಉದ್ದ ಒಂದು ಕರೀ ಫೆರೈಟ್ ಸಳಿ ಬೇಕು, ಅದಕ್ಕ ಸುತ್ತಿದ ತಂತಿ ಬೇಕು. ತಮ್ಮನ ಹೊಸ ಕಾರಿನ ಸ್ಟೀರಿಯೋದಾಗೂ ಎಎಂ ಬಟನ್ ಇಲ್ಲ. ಕಡೀಕ ಆನ್‌ಲೈನಿನ್ಯಾಗ ಸಿಕ್ತು, ಅಂಗೈಗಿಂತ ಒಂದೀಟು ದೊಡ್ಡದು, ಎಎಂ, ಎಫ್‌ಎಂ, ಶಾರ್ಟ್ ವೇವ್ ಮೂರೂ, ನಂಬರ್ ತೋರಸೋ ಪರದೆ, 1,650 ರೂಪಾಯಿ.

ಬಂದ ದಿನ ಊರಿಗೆ ಒಯ್ದೆ. ಅಪ್ಪ ಕನ್ನಡಕ ಹಾಕ್ಕೊಂಡು ಕೂತ. ಎಎಂ ಹಚ್ಚಿ ಧಾರವಾಡದ ನಂಬರ್ 765 ಹಾಕ್ಬೇಕು, ಬಟನ್ ಒತ್ತಿದ್ರ 750, 760, 770, 780. 765 ಇಲ್ಲವ ಇಲ್ಲ! 760ಕ್ಕ ಇಟ್ರ ಯಾರೋ ಕಂಬಳಿ ಹೊಚ್ಕೊಂಡು ಮಾತಾಡಿದಂಗ, 770ಕ್ಕ ಇಟ್ರ ಅದ ಮನಷಾ ಇನ್ನೊಂದು ಕಂಬಳಿ ಹೊಚ್ಕೊಂಡಂಗ. ಅಪ್ಪ ಎರಡ ನಿಮಿಷ ಕೇಳಿ "ಸ್ಟೇಷನ್ ಮುಚ್ಚ್ಯಾರೇನೋ ಬಿಡು" ಅಂದ. ಅಷ್ಟು ಸಮಾಧಾನದಿಂದ ಅಂದ, ನನಗ ಆ ಡಬ್ಬಿ ಮಾಡಿದಂವನ ಮ್ಯಾಲ ಎಲ್ಲಿಲ್ಲದ ಸಿಟ್ಟು ಬಂತು.

ಆಗಿದ್ದೇನಂದ್ರ ಅಮೇರಿಕಾ ಕಡೆ ಎಎಂ ಸ್ಟೇಷನ್ ಹತ್ತು ಹತ್ತು ಕಿಲೋಹರ್ಟ್ಜಿಗೆ ಒಂದು, ನಮ್ಮ ಕಡೆ ಒಂಬತ್ತು ಒಂಬತ್ತಕ್ಕ ಒಂದು. ಈ ಒಂಬತ್ತರ ಲೆಕ್ಕ ಬಂದದ್ದು 1978ರ ನವೆಂಬರಿನ್ಯಾಗ. ಅಮೇರಿಕಾ ಖಂಡ ಬಿಟ್ಟು ಉಳದ ದೇಶದಾವ್ರು ಜಿನೀವಾದಾಗ ಕೂತು ಒಪ್ಕೊಂಡಿದ್ರು, ಸ್ಟೇಷನ್ ಒಂದರ ಮ್ಯಾಲ ಒಂದು ಏರಬಾರದು ಅಂತ. ಹಂಗಾಗಿ ನಮ್ಮ ಮೀಡಿಯಂ ವೇವ್ ನಂಬರ್ ಯಾವುದ ತಗೋರಿ, ಅಂಕಿ ಕೂಡಿಸಿದ್ರ ಕಡೀಕ ಒಂಬತ್ತ ಬರ್ತೈತಿ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107. ಕೂಡಿಸಿ ನೋಡ್ರಿ. ನಮ್ಮ ಸ್ವಾದರಮಾವ ಜ್ಯೋತಿಷ್ಯ ಹೇಳ್ತಾನ, ಇದನ್ನ ಹೇಳಿದ್ರ ಕಣ್ಣು ಮುಚ್ಚಿ "ಒಂಬತ್ತು ಮಂಗಳ" ಅಂದ. ಮಂಗಳಾನೂ ಇಲ್ಲ ಶನಿನೂ ಇಲ್ಲ, ಜಿನೀವಾ. ನನ್ನ ಡಬ್ಬಿ ಅಮೇರಿಕಾ ಸ್ಟೆಪ್ಪಿನ್ಯಾಗ ಬಂದಿತ್ತು. ಇರಿವಿ ಅಕ್ಷರದ ಪುಸ್ತಕ ಓದಿ, ರೇಡಿಯೋ ಬಂದ್ ಇದ್ದಾಗ ಒಂದು ಬಟನ್ ಒತ್ತಿ ಹಿಡೀಬೇಕು, ಪರದೆ ಮ್ಯಾಲ 10 ಹೋಗಿ 9 ಬರ್ತೈತಿ ಅಂತ ಗೊತ್ತಾಗೂದ್ರಾಗ ರಾತ್ರಿ ಎಂಟೂವರಿ. ಇದನ್ನ ಡಬ್ಬಿ ಮ್ಯಾಲ ಒಂದು ಸಾಲು ಬರದಿದ್ರ ಏನು ಗಂಟು ಹೋಗ್ತಿತ್ತು ಅವರದು? ಅರ್ಧ ಸ್ಟಾರ್ ಇಲ್ಲಿ ಕಟ್.

756, ಆಮ್ಯಾಲ 765. "ಆಕಾಶವಾಣಿ ಧಾರವಾಡ." ಕಂಬಳಿ ಇಲ್ಲ, ಏನಿಲ್ಲ, ಬಾಜೂಕ ಕೂತು ಹೇಳಿದಂಗ. ಅಪ್ಪ ಏನೂ ಮಾತಾಡ್ಲಿಲ್ಲ, ಡಬ್ಬಿ ನನ್ನ ಕೈಯಿಂದ ಇಸ್ಕೊಂಡ, ಅಷ್ಟ.

ಈ ಸ್ಟೇಷನ್ ಶುರು ಆದದ್ದು 1950ರ ಜನವರಿ 8ಕ್ಕ. ಆ ತಾರೀಖು ನೋಡಿ ವಿಚಾರ ಮಾಡ್ರಿ, ಗಣರಾಜ್ಯ ಆಗೂದಕ್ಕ ಇನ್ನ ಹದಿನೆಂಟು ದಿನ ಇತ್ತು. ಕರ್ನಾಟಕ ಅನ್ನೋದು ಇರಲೇ ಇಲ್ಲ. ಧಾರವಾಡ ಮುಂಬೈ ಪ್ರಾಂತದಾಗ, ಕಲಬುರಗಿ ರಾಯಚೂರು ಹೈದರಾಬಾದಿನ್ಯಾಗ, ಮಂಗಳೂರು ಬಳ್ಳಾರಿ ಮದ್ರಾಸಿನ್ಯಾಗ, ಕೊಡಗು ಬ್ಯಾರೆ, ಮೈಸೂರು ಬ್ಯಾರೆ. ನಕಾಶಿ ಮ್ಯಾಲ ಗೆರಿ ಇದ್ವು, ಆದ್ರ ಮೀಡಿಯಂ ವೇವಿಗೆ ಗೆರಿ ಗೊತ್ತಾಗಂಗಿಲ್ಲಲ್ಲ. ಏಕೀಕರಣ ಆಗಿದ್ದು 1956ರ ನವೆಂಬರ್ 1ಕ್ಕ, ಅದಕ್ಕಿಂತ ಆರು ವರ್ಷ ಮೊದಲ ಈ ಕಡೆ ಕನ್ನಡ ಮಂದಿ ಒಂದ ಧ್ವನಿ ಕೇಳ್ಕೋಂತ ಕೂತಿದ್ರು. ಇದು ನನ್ನ ದೊಡ್ಡ ಮಾತು ಅನಿಸಿದ್ರ ಅನಸ್ಲಿ, ಆದ್ರ ನಮ್ಮ ಅಜ್ಜ ಇರೂತನಕ "ನಮ್ಮ ಸ್ಟೇಷನ್" ಅಂದ್ರ ರೈಲ್ವೆ ಸ್ಟೇಷನ್ ಅಲ್ಲ, ಪೊಲೀಸ್ ಸ್ಟೇಷನ್ ಅಂತೂ ಅಲ್ಲ, ಧಾರವಾಡ ಸ್ಟೇಷನ್ನ. ಆಗ ದಿಲ್ಲಿಯೊಳಗ ವಾರ್ತಾ ಮತ್ತ ಪ್ರಸಾರ ಖಾತೆ ರಾಜ್ಯಮಂತ್ರಿ ಆಗಿದ್ದವರು ಆರ್.ಆರ್. ದಿವಾಕರ್, ಇದ ಧಾರವಾಡ ಕಡೆಯವರು, ಸಂಯುಕ್ತ ಕರ್ನಾಟಕ ಪೇಪರ್ ಕಟ್ಟಿದ ಮಂದಿಯೊಳಗ ಒಬ್ಬರು. ನಮ್ಮವರು ಕುರ್ಚಿ ಮ್ಯಾಲಿದ್ದಾಗ ನಮಗೊಂದು ಸ್ಟೇಷನ್ ಬಂತು, ಅದರಾಗ ಎಷ್ಟು ಅವರ ಕೈ ಅಂತ ನೀವ ತಿಳ್ಕೋರಿ.

ಕನ್ನಡ ನಾಡಿನ ಮೊದಲ ರೇಡಿಯೋ ಧಾರವಾಡದ್ದಲ್ಲ, ಅದು ಮೈಸೂರಿಂದು, ಅದನ್ನ ಒಪ್ಕೋಬೇಕು. 1935ರ ಸೆಪ್ಟೆಂಬರ್ 10ಕ್ಕ ಮೈಸೂರಿನ್ಯಾಗ ಎಂ.ವಿ. ಗೋಪಾಲಸ್ವಾಮಿ ಅನ್ನೋ ಸೈಕಾಲಜಿ ಪ್ರೊಫೆಸರು ಒಂಟಿಕೊಪ್ಪಲಿನ ತಮ್ಮ ಮನ್ಯಾಗಿಂದ 30 ವ್ಯಾಟಿನ ಟ್ರಾನ್ಸ್‌ಮೀಟರ್ ಇಟ್ಕೊಂಡು ಸುರು ಮಾಡಿದ್ರು. ಮೂವತ್ತು ವ್ಯಾಟ್ ಅಂದ್ರ ಬಚ್ಚಲಮನಿ ಬಲ್ಬು. "ಆಕಾಶವಾಣಿ" ಅನ್ನೋ ಹೆಸರು ಅಲ್ಲಿಂದ ಬಂದದ್ದು, ಆಮ್ಯಾಲ ಇಡೀ ದೇಶದ ರೇಡಿಯೋಕ್ಕ ಅದ ಹೆಸರಾತು. ಮಹಾರಾಜರ ಸೀಮಿ ಸ್ಟೇಷನ್ ಅದು, ಆಲ್ ಇಂಡಿಯಾ ರೇಡಿಯೋದ ಕೈಗೆ ಹೋಗಿದ್ದು 1950ರ ಏಪ್ರಿಲಿನ್ಯಾಗ. ಹಂಗ ನೋಡಿದ್ರ ಸರಕಾರಿ ಆಲ್ ಇಂಡಿಯಾ ರೇಡಿಯೋ ಅಂತ ಬೋರ್ಡ್ ಹಾಕ್ಕೊಂಡು ಕನ್ನಡ ಸೀಮಿಯೊಳಗ ಕಣ್ಣು ತೆರದದ್ದು ನಮ್ಮದ ಮೊದಲು, ಮೂರು ತಿಂಗಳು ಮುಂದ. ಮೈಸೂರು ಮಂದಿಗೆ ಹೆಸರು, ನಮಗ ಮೂರು ತಿಂಗಳು, ಹಿಸೇ ಆತಲ್ಲ.

ಈಗ ಮತ್ತ ಡಬ್ಬಿಗೆ ಬರೂಣು. ಧಾರವಾಡದ ಟ್ರಾನ್ಸ್‌ಮೀಟರ್ 200 ಕಿಲೋವ್ಯಾಟಿಂದು, ಮಧ್ಯಮ ತರಂಗ 392.2 ಮೀಟರ್. ಮೀಟರಿನ ಲೆಕ್ಕ ಯಾಕಂತ ಸಣ್ಣಂವಿದ್ದಾಗ ತಲಿಗೆ ಹತ್ತಿದ್ದಿಲ್ಲ, ಅದು ಒಂದು ಅಲೆಯ ಉದ್ದ, ಸುಮಾರು ನಾಕುನೂರು ಮೀಟರ್, ಅಂದ್ರ ನಮ್ಮೂರ ಅಗಸಿಯಿಂದ ಹನಮಪ್ಪನ ಗುಡಿ ತನಕ ಒಂದ ಅಲೆ. ಇಷ್ಟು ಉದ್ದನ ಅಲೆ ನೆಲಾ ಹಿಡ್ಕೊಂಡು ಹೊಕ್ಕೈತಿ, ಗುಡ್ಡ ದಿನ್ನಿ ಅಂತ ನಿಂದ್ರಂಗಿಲ್ಲ. ಎಫ್‌ಎಂ ಹಂಗಲ್ಲ, ಟವರ್ ಕಣ್ಣಿಗೆ ಕಂಡಷ್ಟು ದೂರ, ಅದರಾಚೆ ಸೊಂಯ್. ಇನ್ನೊಂದು ಮಜಾ ಏನಂದ್ರ ನೆಲ ಹಸಿ ಇದ್ದಷ್ಟೂ ಈ ಅಲೆಗೆ ಛಲೋ, ಬರೇ ಕಲ್ಲು ಉಸುಕು ಇದ್ರ ಲಗೂನ ಸೊರಗತೈತಿ. ನಮ್ಮ ಎರಿ ಭೂಮಿ ನೀರು ಹಿಡಿಯೋ ಭೂಮಿ. ಬಿತ್ತಾಕ, ಹರಗಾಕ, ನಡ್ಯಾಕ ಎಲ್ಲಾದಕ್ಕೂ ಕಾಡೋ ಮಣ್ಣು ರೇಡಿಯೋ ವಿಷಯಕ್ಕರೆ ನಮ್ಮ ಕಡೆ ಐತಿ ಅಂತ ಕೇಳಿ ಅಪ್ಪ ಭಾಳ ಖುಷಿ ಆದ.

ಹಗಲಿನ್ಯಾಗ ಈ ಡಬ್ಬಿ ಊರಾಗ ಸ್ವಚ್ಛ ಹಿಡೀತೈತಿ, ಹತ್ತಕ್ಕ ಒಂಬತ್ತು. ಹುಬ್ಬಳ್ಳಿ ನನ್ನ ಮನ್ಯಾಗ ಹತ್ತಕ್ಕ ನಾಕು. ಏನ್ರಿ ಇದು, ಧಾರವಾಡ ಇಲ್ಲೇ ಇಪ್ಪತ್ತು ಕಿಲೋಮೀಟರು, ಊರು ಅದರ ಮೂರು ಪಟ್ಟು ದೂರ, ಉಲ್ಟಾ ಆಗಬೇಕಿತ್ತಲ್ಲ ಅಂತೀರಿ. ಕಾರಣ ಮನ್ಯಾಗ ಐತಿ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರು, ವೈಫೈ ಡಬ್ಬಿ, ಬಾಜೂ ಮನಿಯವರ ಇನ್ವರ್ಟರು, ಇವೆಲ್ಲಾ ಕೂಡಿ ಎಎಂ ಮ್ಯಾಲ ಗುಂಯ್ಯ್ ಅಂತ ಭ್ರಮರ ಹಾಡ್ತಾವ. ನಾ ಒಂದಿನ ರೇಡಿಯೋ ಕೈಯಾಗ ಹಿಡ್ಕೊಂಡು ಒಂದೊಂದ ಸ್ವಿಚ್ ಆರಿಸ್ಕೋಂತ ಹೋದೆ, ಅಡಗಿಮನಿ ಬಲ್ಬ್ ಆರಿಸಿದ ಕೂಡಲೆ ಅರ್ಧ ಗದ್ದಲ ಹೋತು, ಹೆಂಡ್ತಿ ಕತ್ತಲಾಗ ರೊಟ್ಟಿ ಬಡದು ನಿನಗ ಧಾರವಾಡ ಕೇಳಸ್ಲ್ಯಾ ಅಂದ್ಲು. ಕಿಟಕಿಗೆ ಇಟ್ರ ಸುಧಾರಸ್ತೈತಿ. ರೇಡಿಯೋದ ಜೋಡಿ ಬಂದ ಯುಎಸ್‌ಬಿ ವಾಯರ್ ಚಾರ್ಜರಿಗೆ ಹಚ್ಚಿದ್ರಂತೂ ಸ್ಟೇಷನ್ನ ಮಾಯ, ತಾ ಕೊಟ್ಟ ವಾಯರಿಲೆ ತನ್ನ ಬಾಯಿ ತಾನ ಮುಚ್ಕೊಳ್ಳೋ ರೇಡಿಯೋ ಇದು.

ಏರಿಯಲ್ ವಿಷಯ. ಅಪ್ಪ ಮೊದಲ ದಿನ ಆ ಉಕ್ಕಿನ ಕಡ್ಡಿ ಪೂರಾ ಜಗ್ಗಿ ಕಿಟಕಿಯಿಂದ ಹೊರಗ ಹಾಕಿದ. ಅದು ಎಎಂಗೆ ಸಂಬಂಧವ ಇಲ್ಲ, ಅದು ಎಫ್‌ಎಂ, ಶಾರ್ಟ್ ವೇವಿಗೆ. ಎಎಂ ಹಿಡಿಯೂದು ಒಳಗಿನ ಫೆರೈಟ್ ಸಳಿ, ಅದು ಅಡ್ಡ ಮಲಗಿರ್ತೈತಿ, ಅದರ ತುದಿ ಸ್ಟೇಷನ್ ಕಡೆ ಆದ್ರ ಧ್ವನಿ ಇಳೀತೈತಿ, ಮಗ್ಗಲು ಸ್ಟೇಷನ್ ಕಡೆ ಆದ್ರ ಏರತೈತಿ. ಹಂಗಾಗಿ ಎಎಂ ಕೇಳಾವ್ರು ಕಡ್ಡಿ ಜಗ್ಗೂದಲ್ಲ, ಡಬ್ಬಿ ತಿರವಬೇಕು. ಹಳೇ ಮಂದಿಗೆ ಇದು ಓದದ ಗೊತ್ತಿತ್ತು, ಚಾದಂಗಡಿಯೊಳಗ ರೇಡಿಯೋನ ಗೋಡಿ ಮೂಲಿಗೆ ಸೊಟ್ಟ ಇಟ್ಟಿರತಿದ್ರಲ್ಲ, ಅದು ಜಾಗ ಇಲ್ಲದ್ದಕ್ಕಲ್ಲ.

ರಾತ್ರಿ ಬ್ಯಾರೆ ಆಟ. ಹಗಲೊತ್ತು ಆಕಾಶದಾಗಿನ ಕೆಳಗಿನ ಪದರ ಮೀಡಿಯಂ ವೇವ್ ನುಂಗಿಬಿಡ್ತೈತಿ, ಹೊತ್ತು ಮುಳುಗಿದ್ರ ಆ ಪದರ ಕರಗಿ ಹೋಗಿ ಮ್ಯಾಲಿನ ಪದರ ಕನ್ನಡಿಯಂಗ ಅಲೆ ವಾಪಸ್ ಕಳಸ್ತೈತಿ, ಅದಕ್ಕ ರಾತ್ರಿ ಎಲ್ಲೆಲ್ಲಿದೋ ಸ್ಟೇಷನ್ ಬರ್ತಾವ. ಒಂದಿನ ಹತ್ತರ ಮ್ಯಾಲ ಮುಳ್ಳು, ಅಲ್ಲಲ್ಲ ನಂಬರು, ತಿರವ್ಕೋಂತ ಹೋದ್ರ ತಮಿಳು, ಸಿಂಹಳ ಇರಬಹುದು ಅನ್ನಂಗಿನ ಭಾಷೆ, ಉರ್ದು ಕವ್ವಾಲಿ, ಎಲ್ಲಾ ತೆರಿ ಬಂದು ಹೋದಂಗ ಏರತಾವ ಇಳಿತಾವ. ಈ ಹುಚ್ಚಿನ ಸಲುವಾಗೆರೆ ತಗೋಬಹುದು ಈ ಡಬ್ಬಿ.

ಈಗ ಹಾಡಿನ ವಿಷಯಕ್ಕ ಬರ್ತೀನಿ, ಯಾಕಂದ್ರ ಧಾರವಾಡ ಸ್ಟೇಷನ್ ಅಂದ್ರ ಹಾಡು. ಇದು ಬರೂಕಿಂತ ಮೊದಲ ಈ ಕಡೆ ಗವಾಯಿಗಳು ರೇಡಿಯೋದಾಗ ಹಾಡ್ಬೇಕಂದ್ರ ಮುಂಬೈ ರೈಲು ಹತ್ತಬೇಕಾಗಿತ್ತು, ಗಂಗೂಬಾಯಿ ಹಾನಗಲ್ಲರು ಹಂಗ ಹೋಗಿ ಹಾಡಿ ಬಂದವರು. ಸ್ಟೇಷನ್ ಮನೀ ಬಾಗಲಿಗೆ ಬಂದ ಮ್ಯಾಲ ಏನಾತು ನೋಡ್ರಿ, ಮಲ್ಲಿಕಾರ್ಜುನ ಮನ್ಸೂರರು ಇಲ್ಲೆ ಸಂಗೀತ ಸಲಹೆಗಾರರಾದ್ರು. ಮನ್ಸೂರ ಅಂದ್ರ ಧಾರವಾಡದ ಬಗಲಾಗಿನ ಹಳ್ಳಿ. ಜಯಪುರ ಅತ್ರೌಲಿ ಘರಾಣೆದ ಅಪರೂಪದ ರಾಗ, ದೊಡ್ಡ ಊರಾಗ ಟಿಕೀಟ್ ತಗೊಂಡು ಕೂತು ಕೇಳೂವಂಥಾವು, ನಮ್ಮೂರಾಗ ಎತ್ತಿಗೆ ಹೊಟ್ಟು ಹಾಕ್ಕೋಂತ ಕೇಳಿದ್ರು. ಬಸವರಾಜ ರಾಜಗುರುಗಳು ಇಲ್ಲೆ ಧಾರವಾಡದಾಗ ಇದ್ರು. ಇವರಿಬ್ರೂ ಹಾಡಿದ ವಚನ ಕೇಳಿ ನಮ್ಮವ್ವ ಕಲ್ತಾಳ, ಆಕಿಗೆ ರಾಗದ ಹೆಸರು ಗೊತ್ತಿಲ್ಲ, ಸ್ವರ ಎಲ್ಲಿ ನಿಂದ್ರತೈತಿ ಅಂತ ಬರೋಬ್ಬರಿ ಗೊತ್ತು. ಕಸಾ ಹೊಡಿಯೂಮುಂದ ಆಕಿ ಹಾಡಿದ್ದು ಕೇಳಿದ್ರ ಮನ್ಸೂರರು ಉಸರು ತಗೊಂಡ ಜಾಗದಾಗ ಆಕಿನೂ ಉಸರು ತಗೋತಾಳ, ಇದನ್ನ ನಾ ಹಳೇ ರೆಕಾರ್ಡಿಂಗ್ ಹಚ್ಚಿ ತಾಳಿ ನೋಡೀನಿ.

ಬೇಂದ್ರೆ ಅಜ್ಜ ಸೋಲಾಪುರದ ಕಾಲೇಜಿನ್ಯಾಗ ಕಲಿಸೂದು ಮುಗಿಸಿ 1956ರಾಗ ವಾಪಸ್ ಬಂದ ಮ್ಯಾಲ ಇದ ಸ್ಟೇಷನ್ನಿಗೆ ಸಲಹೆಗಾರರಾಗಿದ್ರು. ಸಾಹಿತಿ ಎನ್ಕೆ (ಎನ್.ಕೆ. ಕುಲಕರ್ಣಿ) ಅವರೂ ಇಲ್ಲೆ ಕೆಲಸ ಮಾಡಿದವರು. ಇಂಥಾ ಮಂದಿ ಒಳಗಿದ್ದದ್ದಕ್ಕೋ ಏನೋ, ಇಲ್ಲಿನ ನಾಟಕ, ರೈತರ ಕಾರ್ಯಕ್ರಮದಾಗ ನಮ್ಮ ಮಾತು ನಮ್ಮ ಮಾತಾಗೇ ಬಂತು. ಸಿನಿಮಾದಾಗ ಈ ಕಡೆ ಭಾಷೆ ಬಂದ್ರ ನಗಸಾಕ ಬರ್ತಿತ್ತು ಆಗ, ಆಳು, ಕುಡಕ, ದಡ್ಡ ಇಂಥಾವ್ರ ಬಾಯಾಗ. ರೇಡಿಯೋದಾಗ ಹಂಗಲ್ಲ, ಗೌಡನೂ ಹಿಂಗ ಮಾತಾಡ್ತಿದ್ದ, ಮಾಸ್ತರೂ ಹಿಂಗ ಮಾತಾಡ್ತಿದ್ರು, ಅತ್ತಿನೂ ಸೊಸಿಗೆ ಹಿಂಗ ಬೈತಿದ್ಲು. ನನ್ನ ಕೇಳಿದ್ರ ಈ ಸ್ಟೇಷನ್ ಮಾಡಿದ ಕೆಲಸದಾಗ ಇದು ದೊಡ್ಡದು, ಸಂಗೀತಕ್ಕಿಂತ ಒಂದು ಗುಲಗಂಜಿ ಜಾಸ್ತಿನ.

ಎಲ್ಲಾ ಛಲೋನ ಇತ್ತು ಅಂತಲ್ಲ. ದಿಲ್ಲಿಯೊಳಗ ಕೂತವರು ಹುಚ್ಚುಚ್ಚ ಹುಕುಂ ಮಾಡ್ತಿದ್ರು. 1940ರಾಗ ಹಾರ್ಮೋನಿಯಂ ರೇಡಿಯೋಕ್ಕ ಬ್ಯಾಡ ಅಂದ್ರು, ಅದು ವಿಲಾಯತಿ ಪೇಟಿ, ನಮ್ಮ ಶ್ರುತಿಗೆ ಹೊಂದಂಗಿಲ್ಲ ಅಂತ. ಆ ಬಂದಿ ಸಡಿಲಾದದ್ದು 1971ಕ್ಕ. ಈಗ ನೀವು ನಮ್ಮ ಕಡೆ ಭಜನಿ, ಕಂಪನಿ ನಾಟಕ, ಶ್ರೀಕೃಷ್ಣ ಪಾರಿಜಾತದ ಆಟ ಯಾವುದ ನೋಡ್ರಿ, ಪೇಟಿ ಇಲ್ದ ಒಂದು ಹೆಜ್ಜಿ ಮುಂದ ಹೋಗಂಗಿಲ್ಲ. ಮೂವತ್ತು ವರ್ಷ ಪೇಟಿ ಬಾಗಲ ಹೊರಗ! ಹಂಗ 1952ರಿಂದ ಕೇಸ್ಕರ್ ಸಾಹೇಬ್ರು ವಾರ್ತಾ ಮತ್ತ ಪ್ರಸಾರ ಮಂತ್ರಿ ಆಗಿ ಸಿನಿಮಾ ಹಾಡಿಗೆ ಕತ್ರಿ ಹಾಕಿದ್ರು, ಮಂದಿ ರೇಡಿಯೋ ಸಿಲೋನ್ ಕಡೆ ಮುಳ್ಳು ತಿರವಿದ್ರು, ಕಡೀಕ 1957ರ ಅಕ್ಟೋಬರ್ 3ಕ್ಕ ವಿವಿಧ ಭಾರತಿ ತೆಗದು ಅವರ ಸೋಲ್ಬೇಕಾತು. ಕೇಸ್ಕರರನ್ನ ಬೈಯೂದು ಸಸಾರ, ಆದ್ರ ಶಾಸ್ತ್ರೀಯ ಗವಾಯಿಗಳಿಗೆ ರೇಡಿಯೋದಾಗ ಜಾಗ, ಗ್ರೇಡು, ಸಂಭಾವನೆ ಗಟ್ಟಿ ಆದದ್ದೂ ಅದ ಕಾಲಕ್ಕ. ರಾಜರು ಹೋದ್ರು, ಸಂಸ್ಥಾನ ಹೋದ್ವು, ತಿಂಗಳಾ ಅಕ್ಕಿ ಬ್ಯಾಳಿ ಬಂದದ್ದು ರೇಡಿಯೋದಿಂದ.

ಅಜ್ಜಗ ಹಾಡಿಗಿಂತ ಧಾರಣಿ ಮುಖ್ಯ. ಸಂಜೀಕ ಮಾರ್ಕೆಟ್ಟಿನ ಧಾರಣಿ ಹೇಳೂಮುಂದ ಮನ್ಯಾಗ ಹುಡುಗೂರು ಕೆಮ್ಮಂಗಿಲ್ಲ. ಹುಬ್ಬಳ್ಳಿ ಹತ್ತಿ ಏನಾತು, ಬ್ಯಾಡಗಿ ಮೆಣಸಿನಕಾಯಿ ಏನಾತು, ಅಷ್ಟು ಕೇಳಿ ರೇಡಿಯೋದ ಕಿವಿ ಹಿಂಡಿ ಬಂದ್ ಮಾಡೂದು, ಸೆಲ್ ಉಳೀಬೇಕಲ್ಲ. ದಲಾಲಿ ಹೇಳಿದ್ದ ರೇಟು ಅನ್ನೋ ಕಾಲದಾಗ ಮನ್ಯಾಗ ಕೂತು ರೇಟು ಗೊತ್ತಾಗೂದು ಸಣ್ಣ ಮಾತಲ್ಲ. ಧಾರವಾಡ ಕೃಷಿ ಸಂಶೋಧನಾ ಕೇಂದ್ರದಾಗ 1972ರಾಗ ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಬಂತು, 1981ರಾಗ ಜಯಲಕ್ಷ್ಮಿ, ಅಂದ್ರ ಡಿಸಿಎಚ್ 32. ಗಂಡು ಹೂವಿನ ಪುಡಿ ಯಾವಾಗ ಮುಟ್ಟಿಸಬೇಕು, ಯಾವ ಔಷಧ ಯಾವಾಗ ಹೊಡೀಬೇಕು ಅಂತ ಅಪ್ಪ ಕಲ್ತದ್ದು ರೇಡಿಯೋದಾಗ, ಒಂದು ಹಳೇ ಪಂಚಾಂಗದ ಹಿಂದ ಬರಕೊಂಡದ್ದು ಈಗೂ ಐತಿ. ತಂಜಾವೂರ ಕಡೆ ಎಡಿಟಿ 27 ಅನ್ನೋ ಭತ್ತಕ್ಕ ರೈತರು ರೇಡಿಯೋ ಭತ್ತ ಅಂತನ ಹೆಸರಿಟ್ಟಿದ್ರು. ನಮ್ಮವರು ಹತ್ತಿಗೆ ಹಂಗ ಹೆಸರಿಡ್ಲಿಲ್ಲ, ಲಕ್ಷ್ಮಿನ ಸಾಕು ಅನಸ್ತು ಕಾಣಸ್ತೈತಿ.

ರೇಡಿಯೋ ಕೇಳಾಕ ಲೈಸನ್ಸ್ ಇತ್ತು ಅಂದ್ರ ನನ್ನ ಮಗಳು ನಗ್ತಾಳ. ಎಂಬತ್ತರ ದಶಕದ ನಡುವಿನ ತನಕ ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಪುಸ್ತಕಕ್ಕ ಸ್ಟಾಂಪ್ ಹಚ್ಚಿಸ್ಕೊಂಡು ಬರ್ಬೇಕಿತ್ತು. ಆ ಪುಸ್ತಕ ಅಪ್ಪನ ಟ್ರಂಕಿನ್ಯಾಗ ಐತಿ, ಹೊಲದ ಉತಾರ್ ಜೋಡಿ.

2019ರ ಆಗಸ್ಟಿನ್ಯಾಗ ಮಲಪ್ರಭಾ ಹೊಳಿ ಬಂತಲ್ಲ, ಆ ನಾಕು ದಿನ ಕರೆಂಟ್ ಇಲ್ಲ, ಮೊಬೈಲ್ ಟವರ್ ಸತ್ತಿತ್ತು. ನಾ ಹುಬ್ಬಳ್ಳಿಯೊಳಗ ಕೂತು ಫೋನ್ ಹಚ್ಚಿ ಹಚ್ಚಿ ಸಾಕಾಗಿ ಅತ್ತದ್ದೊಂದು ಬಾಕಿ. ಊರಾಗ ಮಾತ್ರ ಅಪ್ಪನ ಟ್ರಾನ್ಸಿಸ್ಟರ್ ಕಟ್ಟಿ ಮ್ಯಾಲ ಇಟ್ಟು ಇಪ್ಪತ್ತು ಮಂದಿ ಸುತ್ತ ಕೂತಿದ್ರಂತ, ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಕೇಳ್ಕೋಂತ. ಮೂರು ಸೆಲ್ಲಿನ ಮ್ಯಾಲ ಒಂದು ಊರು. ಹೊಸ ಡಬ್ಬಿ ತಗೋಬೇಕಾದ್ರ ಸೆಲ್ ಹಾಕೋದ ಬೇಕು, ಬರೇ ಚಾರ್ಜ್ ಮಾಡೋದು ಬ್ಯಾಡ ಅಂತ ನಾ ಹಟ ಹಿಡದದ್ದು ಅದಕ್ಕ. ಇದಕ್ಕ ಎರಡು ಪೆನ್ಸಿಲ್ ಸೆಲ್ ಹಾಕಬಹುದು, ದಿನಕ್ಕ ಮೂರು ತಾಸು ಕೇಳಿದ್ರ ನಮಗ ಇಪ್ಪತ್ತು ದಿನದ ಮ್ಯಾಲ ಬಂದೈತಿ. ಇಲ್ಲಿ ಫುಲ್ ಮಾರ್ಕ್ಸ್.

ಉಳದ ಸಣ್ಣ ಸಣ್ಣ ವಿಷಯ: ಸ್ಪೀಕರ್ ಸಣ್ಣದು, ಮಾತು ಖಡಕ್ ಕೇಳಸ್ತೈತಿ, ತಂಬೂರಿ ಕೇಳಸಂಗಿಲ್ಲ, ತಬಲಾದ ಡಗ್ಗಾ ಅಂತೂ ಗುದ್ದಿದ ತಗಡು. ಬಟನ್ ಬರಹ ಅಪ್ಪಗ ಕಾಣಂಗಿಲ್ಲ, ಹೆಂಡ್ತಿಯ ಉಗುರಿನ ಬಣ್ಣ ತಂದು ಆನ್ ಬಟನ್ನಿಗೆ ಒಂದು ಕೆಂಪು ಚುಕ್ಕಿ ಇಟ್ಟೀನಿ. 765ನ್ನ ಒಂದನೇ ನಂಬರಿಗೆ ಸೇವ್ ಮಾಡಿಟ್ಟೀನಿ, ಸೆಲ್ ಬದಲ ಮಾಡಿದ್ರೂ ಅಳಸಲಿಲ್ಲ, ಸ್ಟೆಪ್ ಮಾತ್ರ ಒಮ್ಮೆ ತಾನ 10ಕ್ಕ ಹೋಗಿತ್ತು, ಮತ್ತ ಅದ ಕಂಬಳಿ ಪುರಾಣ. ಟಾರ್ಚ್ ಕೊಟ್ಟಾರ, ಯಾಕೋ ಗೊತ್ತಿಲ್ಲ, ಅವ್ವ ರಾತ್ರಿ ಬಚ್ಚಲಕ್ಕ ಹೋಗೂಮುಂದ ರೇಡಿಯೋನ ಒಯ್ತಾಳ.

ಆ್ಯಪಿನ್ಯಾಗೂ ಧಾರವಾಡ ಬರ್ತೈತಿ ಅಂತ ಹೇಳ್ತೀರಿ, ಹೌದು, ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನ್ಯಾಗ ಸ್ವಚ್ಛ ಬರ್ತೈತಿ, ನ್ಯೂಜೆರ್ಸಿಯೊಳಗಿನ ನಮ್ಮ ಕಾಕಾನ ಮಗ ಅಲ್ಲಿ ರಾತ್ರಿ ಊಟ ಮಾಡ್ಕೋಂತ ಇಲ್ಲಿನ ಮುಂಜಾನಿ ವಚನ ಕೇಳ್ತಾನ, ಅವಗ ಅದ ಬೇಕು. ಒಮ್ಮೆ ಅಪ್ಪನ ಮುಂದ ಫೋನೂ ರೇಡಿಯೋನೂ ಎರಡೂ ಹಚ್ಚಿಟ್ಟೆ. ಫೋನಿನ ಧ್ವನಿ ಭಾಳ ಸಾಫ್, ಆದ್ರ ಅರ್ಧ ನಿಮಿಷದಷ್ಟು ಹಿಂದ. ಅಪ್ಪ ಎರಡೂ ಕೇಳಿ, ಫೋನ್ ಕಡೆ ಕೈ ಮಾಡಿ, "ಇಂವ ಅಂವ ಹೇಳಿದ್ದನ್ನ ಕೇಳಿ ಹೇಳ್ತಾನ" ಅಂದ.

ಸ್ಟೇಷನ್ನಿಗೆ 2025ರ ಜನವರಿಗೆ ಎಪ್ಪತ್ತೈದು ತುಂಬಿತು. ನನ್ನ ಒಂದ ಬೇಡಿಕಿ, ಹಳೇ ಟೇಪಿನ ಗವಾಯಿಗಳನ್ನ, ಹಳೇ ನಾಟಕ, ಗೀಗೀ ಪದ, ಸೋಬಾನದ ಪದ ಇನ್ನೊಂದೀಟು ಜಾಸ್ತಿ ಹಾಕ್ರಿ, ನಮ್ಮವ್ವಗ ತಾಳಿ ನೋಡಾಕ ಬೇಕು. ಡಬ್ಬಿಗೆ ಐದಕ್ಕ ಮೂರೂವರಿ. ಸ್ಟೇಷನ್ನಿಗೆ ಎಷ್ಟು ಸ್ಟಾರ್ ಕೊಡ್ಲಿ ಅಂತ ಅಪ್ಪನ ಕೇಳಿದೆ, ಸ್ಟಾರ್ ಅಂದ್ರ ಏನಂತ ತಿಳಿಸಿ ಹೇಳೂದ್ರಾಗ ವಾರ್ತೆ ಸುರು ಆತು, ಸುಮ್ಕಿರು ಅಂದ.

ಡಬ್ಬಿ ಈಗ ಅಜ್ಜನ ಕಟಗಿ ರೇಡಿಯೋದ ತಲಿ ಮ್ಯಾಲ ಕೂತೈತಿ. ಯಾವ ಕೋನಕ್ಕ ಇಟ್ರ ಛಲೋ ಕೇಳಸ್ತೈತಿ ಅಂತ ತಿರವಿ ತಿರವಿ ನೋಡಿ ಸೀಮೆಸುಣ್ಣದಿಂದ ಗೆರಿ ಹಾಕಿ ಬಂದಿದ್ದೆ. ದೀಪಾವಳಿಗೆ ಅವ್ವ ಕಟಗಿ ಡಬ್ಬಿ ಒರಸೂಮುಂದ ಗೆರಿ ಅಳಿಸಿ ಹೋತು, ನಾಕು ದಿನ ಇಬ್ಬರೂ ಮಾತು ಬಿಟ್ಟಿದ್ರು. ಹೋದ ವಾರ ಹೋಗಿ ನೋಡಿದ್ರ ಅಜ್ಜನ ರೇಡಿಯೋದ ಪಾಲಿಶ್ ಮ್ಯಾಲ, ಅಪ್ಪ ಮೊಳಿ ತಗೊಂಡು ಗೆರಿ ಕೆರದಾನ.